ಜೇಜುರಿಯಲ್ಲಿ ಬಿಸಿಲು, ಹಳ್ಳದಲ್ಲಿ ನೆರೆ: ಗಾಳ ಹಿಡಿದು ಹೊರಡುವ ಮೊದಲು

ಇದು ವಿಡಿಯೊದಲ್ಲಿ ಆಡಿದ ಮಾತಿನ ಬರಹರೂಪ. ಲೆಕ್ಕಗಳನ್ನು ನಿಧಾನಕ್ಕೆ ಓದಿಕೊಳ್ಳಲಿ ಅಂತ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದ್ದೇನೆ.

ಪುಣೆಯಲ್ಲಿ ಕೆಲಸ ಮಾಡೋ ನಮ್ಮ ಕನ್ನಡದವರಲ್ಲಿ ಈಚೆಗೆ ಒಂದು ಹೊಸ ಹುಚ್ಚು ನೋಡ್ತಾ ಇದ್ದೀನಿ: ಗಾಳ. ಟ್ರೆಕ್ಕಿಂಗ್ ಆಯ್ತು, ಸೈಕಲ್ ಆಯ್ತು, ಈಗ ಆನ್‌ಲೈನಲ್ಲಿ ರಾಡು, ರೀಲು ತರಿಸೋದು. ಅಮೆರಿಕದಲ್ಲೋ ನ್ಯೂಜಿಲೆಂಡಿನಲ್ಲೋ ಯಾರೋ ಒಬ್ಬ ಮೊಣಕಾಲುದ್ದ ನೀರಲ್ಲಿ ನಿಂತು ಟ್ರೌಟ್ ಹಿಡಿಯೋ ವಿಡಿಯೊ ನೋಡೋದು. ಶನಿವಾರ ಬೆಳಗ್ಗೆ ಬೈಕ್ ಹತ್ತಿ ಹಡಪ್ಸರ್ ದಾಟಿ, ದಿವೆ ಘಾಟ್ ಏರಿ, ಸಾಸವಡ ದಾಟಿ ಜೇಜುರಿ ಕಡೆ ಹೊರಡೋದು. ಪುಣೆಯಿಂದ ಐವತ್ತು ಕಿಲೋಮೀಟರ್ ಆಸುಪಾಸು. ಖಂಡೋಬನ ದರ್ಶನವೂ ಆಯ್ತು, ಕರ್ಹಾ ನದಿ ದಂಡೆಯಲ್ಲಿ ಗಾಳವೂ ಆಯ್ತು.

ಹೀಗೆ ಹೊರಡುವವರು ಎರಡು ಪ್ರಶ್ನೆ ಕೇಳ್ತಾರೆ. ಒಂದು, ಅಲ್ಲಿ ಟ್ರೌಟ್ ಸಿಗುತ್ತಾ? ಎರಡು, ಮೊಬೈಲಲ್ಲಿ ಬಿಸಿಲು ಅಂತ ತೋರಿಸ್ತಾ ಇದೆ, ಹೋಗಬಹುದಲ್ವಾ? ಮೊದಲನೆಯದಕ್ಕೆ ಒಂದೇ ಮಾತಿನ ಉತ್ತರ: ಸಿಗಲ್ಲ. ಎರಡನೆಯದು ಹಾಗಲ್ಲ. ಅದರಲ್ಲಿ ಜೀವದ ಪ್ರಶ್ನೆ ಇದೆ. ಹಾಗಾಗಿ ಈ ಮಾತಿನ ಹೆಚ್ಚಿನ ಭಾಗ ಅದಕ್ಕೇ.

ಟ್ರೌಟ್ ಇಲ್ಲಿ ಯಾಕಿಲ್ಲ

ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಬ್ರಿಟಿಷರು ತಮ್ಮ ಊರಿನ ಹವ್ಯಾಸ ಬಿಡಲಾರದೆ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿದರು. 1900ರ ಸುಮಾರಿಗೆ ಕಾಶ್ಮೀರದಲ್ಲಿ, ಆಮೇಲೆ ಕುಲ್ಲು ಕಣಿವೆಯಲ್ಲಿ, ನೀಲಗಿರಿಯಲ್ಲಿ, ಮುನ್ನಾರಿನ ಬೆಟ್ಟಗಳಲ್ಲಿ ಅದು ನೆಲೆ ನಿಂತಿತು. ಈ ಊರುಗಳಿಗೆಲ್ಲ ಸಾಮಾನ್ಯವಾಗಿ ಇರೋದು ಒಂದೇ ಗುಣ: ತಣ್ಣಗಿನ ನೀರು.

ತಣ್ಣಗಿನ ನೀರು ಯಾಕೆ ಬೇಕು ಅಂದ್ರೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ನೀರು ಒಂದು ಲೀಟರಿಗೆ ಹೆಚ್ಚೆಂದರೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಗೆ ಅದು ಸುಮಾರು 9.1, 30 ಡಿಗ್ರಿಗೆ 7.5. ಅದೇ ಹೊತ್ತಿಗೆ ನೀರು ಬಿಸಿಯಾದ ಹಾಗೆ ಮೀನಿನ ಮೈಗೆ ಬೇಕಾದ ಆಮ್ಲಜನಕ ಹೆಚ್ಚಾಗುತ್ತದೆ. ಪೂರೈಕೆ ಇಳಿಯುತ್ತದೆ, ಬೇಡಿಕೆ ಏರುತ್ತದೆ. ಟ್ರೌಟ್‌ಗೆ 20 ಡಿಗ್ರಿ ದಾಟಿದರೆ ಕಷ್ಟ ಶುರು, 25ರ ಹತ್ತಿರ ಹೋದರೆ ಪ್ರಾಣಕ್ಕೇ ಬರುತ್ತದೆ. ಜೇಜುರಿ ಇರೋದು ದಖ್ಖನ್ನಿನ ಬಯಲಲ್ಲಿ. ಬೇಸಿಗೆಯಲ್ಲಿ ಕರ್ಹಾದ ಮಡುಗಳಲ್ಲಿ ಉಳಿಯೋ ನೀರಿನಲ್ಲಿ ಟ್ರೌಟ್ ಒಂದು ವಾರವೂ ಬದುಕಲ್ಲ.

ಇಲ್ಲಿ ಬದುಕುವ ಮೀನುಗಳು ಬೇರೆ ಜಾತಿಯವು. ಕಾಟ್ಲಾ, ರೋಹುಗಳಂಥ ಗೆಂಡೆ ಮೀನುಗಳು, ನಾವು ಕೊರವ ಅಥವಾ ಮರಲ್ ಅನ್ನುವ ಮೀನು, ಮತ್ತೆ ನಮ್ಮ ಕಡೆ ಜಿಲೇಬಿ ಅಂತಲೂ ಪುಣೆ ಕಡೆ ಚಿಲಾಪಿ ಅಂತಲೂ ಕರೆಯುವ ತಿಲಾಪಿಯಾ. ಕೊರವ ಮೀನಂತೂ ನೀರಿನ ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡುತ್ತದೆ. ಅದಕ್ಕೇ ಕೆಸರಿನಂಥ ನೀರಿನಲ್ಲೂ ಉಳಿಯುತ್ತದೆ.

ಇನ್ನು, ಮೀನಿನ ವಿಷಯಕ್ಕೆ ಪುಣೆಗೆ ಪರದೇಶದ ಹೆಸರು ಬೇಕಾಗೂ ಇಲ್ಲ. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ದಖ್ಖನ್ನಿನ ಮೀನುಗಳನ್ನು ವೈಜ್ಞಾನಿಕವಾಗಿ ವಿವರಿಸಿದಾಗ, ಪುಣೆಯ ಹತ್ತಿರದ ಮುಳಾ–ಮುಠಾ ನದಿಯ ಮಹಸೀರ್ ಮೀನಿಗೆ ಖುದ್ರೀ ಎಂದು ಹೆಸರಿಟ್ಟ. ದಖ್ಖನ್ ಮಹಸೀರ್‌ಗೆ ಇವತ್ತಿಗೂ ವಿಜ್ಞಾನದಲ್ಲಿ ಅದೇ ಹೆಸರು.

ಮೀನು ಬೇರೆಯಾದರೂ ಟ್ರೌಟ್ ಹಿಡಿಯೋ ಹಿಮಾಚಲದ ತೀರ್ಥನ್ ಹೊಳೆಗೂ ಜೇಜುರಿಯ ಕರ್ಹಾಗೂ ಒಂದು ವಿಷಯದಲ್ಲಿ ವ್ಯತ್ಯಾಸ ಇಲ್ಲ. ಎರಡರಲ್ಲೂ ನೀವು ನಿಂತ ಜಾಗದ ಹವಾಮಾನ ನಿಮ್ಮನ್ನು ಕಾಪಾಡಲ್ಲ.

ನಿಮ್ಮ ತಲೆಯ ಮೇಲಿನ ಆಕಾಶ ಸಾಲದು

ಇದನ್ನು ನಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ನಿಮ್ಮ ಸರ್ವಿಸಿನ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಸಿಪಿಯು ತಣ್ಣಗಿದೆ, ಮೆಮೊರಿ ಖಾಲಿ ಇದೆ. ಆದರೆ ನಾಲ್ಕು ಹಂತ ಹಿಂದೆ ಅಪ್‌ಸ್ಟ್ರೀಮ್‌ನಲ್ಲಿ ಯಾರೋ ದೊಡ್ಡ ಬ್ಯಾಚ್ ಜಾಬ್ ಬಿಟ್ಟಿದ್ದಾರೆ. ಅದು ನಿಮ್ಮ ಹತ್ತಿರ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ಆ ಅರ್ಧ ಗಂಟೆ ನಿಮ್ಮ ಡ್ಯಾಶ್‌ಬೋರ್ಡ್ ಸುಳ್ಳೇನೂ ಹೇಳ್ತಾ ಇಲ್ಲ, ಅದು ತೋರಿಸೋದು ನಿಮ್ಮ ಯಂತ್ರದ ಸ್ಥಿತಿ ಮಾತ್ರ. ಅಪ್‌ಸ್ಟ್ರೀಮ್ ಅನ್ನೋ ಪದ ನಾವು ಸಾಲ ತಂದದ್ದೇ ಹೊಳೆಯಿಂದ. ಹೊಳೆ ದಂಡೆಗೆ ಹೋದಾಗ ಮಾತ್ರ ಅದನ್ನ ಮರೆತುಬಿಡ್ತೀವಿ.

ಕರ್ಹಾ ಹುಟ್ಟೋದು ಪುರಂದರ ತಾಲೂಕಿನ ಪಶ್ಚಿಮದ ಬೆಟ್ಟಗಳಲ್ಲಿ, ಗರಾಡೆ ಊರಿನ ಕಡೆ. ಅಲ್ಲಿಂದ ಪೂರ್ವಕ್ಕೆ ಹರಿದು ಸಾಸವಡ, ಆಮೇಲೆ ಜೇಜುರಿ ಹತ್ತಿರದ ನಾಝರೆ ಅಣೆಕಟ್ಟೆ. ಅದರ ಹಿನ್ನೀರಿಗೆ ಮಲ್ಹಾರಸಾಗರ ಅಂತ ಹೆಸರು. ಅಲ್ಲಿಂದ ಅಷ್ಟವಿನಾಯಕ ಕ್ಷೇತ್ರವಾದ ಮೋರಗಾಂವ್, ಬಾರಾಮತಿ ದಾಟಿ ನೀರಾ ನದಿಗೆ ಸೇರುತ್ತದೆ. ನೀರಾ ಭೀಮೆಗೆ, ಭೀಮೆ ಪಂಢರಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳ ಮೂಲಕ ಹರಿದು ರಾಯಚೂರಿನ ಕಡೆ ಕೃಷ್ಣೆಗೆ. ಜೇಜುರಿಯಲ್ಲಿ ಬಿದ್ದ ಹನಿ ಕೊನೆಗೆ ನಮ್ಮೂರಿನ ದಾರಿಯನ್ನೇ ಹಿಡಿಯುತ್ತದೆ.

ಖಂಡೋಬ ನಮಗೆ ಮೈಲಾರಲಿಂಗ. ಏಳುಕೋಟಿ ಘೋಷ ಎರಡೂ ಕಡೆ ಉಂಟು. ಸೋಮವತಿ ಅಮಾವಾಸ್ಯೆಯ ದಿನ ದೇವರ ಪಲ್ಲಕ್ಕಿ ಗಡ ಇಳಿದು ಸ್ನಾನಕ್ಕೆ ಬರುವುದು ಇದೇ ಕರ್ಹಾ ದಂಡೆಗೆ. ದರ್ಶನಕ್ಕೆ ಹೋದಾಗ ಗಡದ ಮೇಲೆ ನಿಂತು ಒಂದು ಸಲ ಪಶ್ಚಿಮಕ್ಕೆ ತಿರುಗಿ, ಪುರಂದರದ ಬೆಟ್ಟಸಾಲಿನ ಕಡೆ. ನೀವು ನೋಡಬೇಕಾದ ಆಕಾಶ ಅದು. ಜೇಜುರಿಯ ಮೇಲೆ ಸುಡು ಬಿಸಿಲಿರಬಹುದು. ಅಲ್ಲಿ ಕಪ್ಪು ಮೋಡ ಕೂತಿದ್ದರೆ, ನಿಮ್ಮ ಹಳ್ಳದ ಮಟ್ಟಿಗೆ ಮಳೆ ಆಗಲೇ ಶುರುವಾಗಿದೆ.

ಎಷ್ಟು ನೀರು, ಎಷ್ಟು ಹೊತ್ತಿಗೆ

ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್ ನೀರು. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಉಳಿದದ್ದು ಗುಣಾಕಾರ. ಉದಾಹರಣೆಗೆ, ಮೇಲ್ಗಡೆ 100 ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಒಟ್ಟು 500 ಕೋಟಿ ಲೀಟರ್. ಇದರಲ್ಲಿ ನೂರಕ್ಕೆ ನಲವತ್ತು ಭಾಗ ಮಾತ್ರ ಹಳ್ಳಕ್ಕೆ ಇಳಿದು, ಅದೂ ಮೂರು ಗಂಟೆಯಲ್ಲಿ ಹಂಚಿ ಹರಿದರೂ, ಸೆಕೆಂಡಿಗೆ ಸುಮಾರು 1,85,000 ಲೀಟರ್ ಆಗುತ್ತದೆ. ಪತ್ರಿಕೆಯವರ ಲೆಕ್ಕದಲ್ಲಿ 6,500 ಕ್ಯೂಸೆಕ್. ಬೆಳಗ್ಗೆ ಪಾದ ಮುಳುಗುವಷ್ಟು ನೀರಿದ್ದ ಜಾಗಕ್ಕೆ ಸಂಜೆ ಇಷ್ಟು ಬರುತ್ತದೆ.

ನೂರಕ್ಕೆ ನಲವತ್ತು ಅನ್ನೋದು ಜಾಸ್ತಿಯಾಯ್ತು ಅನ್ನಿಸಬಹುದು. ಆದರೆ ಅಲ್ಲಿನ ನೆಲ ನೋಡಿ. ಬಸಾಲ್ಟ್ ಬಂಡೆ, ಮೇಲೆ ತೆಳ್ಳಗೆ ಮಣ್ಣು, ತಗ್ಗಿನಲ್ಲಿ ಎರೆಮಣ್ಣು. ಎರೆಮಣ್ಣು ಒಮ್ಮೆ ನೆನೆದು ಉಬ್ಬಿತು ಅಂದ್ರೆ ನೀರು ಇಂಗೋದು ಬಹಳ ನಿಧಾನ. ಜೂನ್ ತಿಂಗಳಲ್ಲಿ ಒಣಗಿದ ನೆಲ ನುಂಗಿಬಿಡುವ ಮಳೆಯೇ ಸೆಪ್ಟೆಂಬರ್ ಕೊನೆಯಲ್ಲಿ ಬಿದ್ದರೆ ಸೀದಾ ಹಳ್ಳಕ್ಕೆ ಓಡುತ್ತದೆ. ಕೆರೆ, ಬಾಂದಾರ, ಅಣೆಕಟ್ಟೆಗಳೂ ಹಾಗೇ. ಅವು ಬಫರ್ ಇದ್ದ ಹಾಗೆ. ಖಾಲಿ ಇರೋ ತನಕ ಎಲ್ಲವನ್ನೂ ತಡೆದುಕೊಳ್ಳುತ್ತವೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಕ್ಕೆ ಬಿಡಲೇಬೇಕು.

ಎಷ್ಟು ಹೊತ್ತಿಗೆ ಬರುತ್ತದೆ ಅನ್ನೋದಕ್ಕೆ ಎಂಜಿನಿಯರುಗಳು ಬಳಸುವ ಒಂದು ಹಳೆಯ ಸೂತ್ರ ಇದೆ, 1940ರ ಕಿರ್ಪಿಚ್ ಸೂತ್ರ. ಹಳ್ಳದ ಉದ್ದ ಮತ್ತು ಇಳಿಜಾರು ಕೊಟ್ಟರೆ, ಅತಿ ದೂರದ ಮೂಲೆಯ ನೀರು ನಿಮ್ಮ ಹತ್ತಿರ ಬರೋಕೆ ಎಷ್ಟು ನಿಮಿಷ ಅಂತ ಹೇಳುತ್ತದೆ. ಮೂರು ಕಿಲೋಮೀಟರ್ ಉದ್ದ, 150 ಮೀಟರ್ ಇಳಿಜಾರು ಇರೋ ಬೆಟ್ಟದ ಹಳ್ಳಕ್ಕೆ ಉತ್ತರ ಸುಮಾರು 30 ನಿಮಿಷ. ಇಪ್ಪತ್ತು ಕಿಲೋಮೀಟರ್ ಉದ್ದ, 200 ಮೀಟರ್ ಇಳಿಜಾರಿಗೆ ಸುಮಾರು ನಾಲ್ಕು ಗಂಟೆ. ಸೂತ್ರ ಹುಟ್ಟಿದ್ದು ಚಿಕ್ಕ ಹಳ್ಳಗಳಿಗೆ, ಆದ್ದರಿಂದ ಎರಡನೆಯದನ್ನ ಅಂದಾಜು ಅಂತಷ್ಟೇ ತಗೊಳ್ಳಿ. ಆದರೂ ಎರಡೂ ಸಂಖ್ಯೆ ಒಂದೊಂದು ಪಾಠ ಹೇಳುತ್ತವೆ. ಬೆಟ್ಟದ ಬುಡದ ಹಳ್ಳದಲ್ಲಿ ನಿಮಗೆ ಸಾಮಾನು ಕಟ್ಟೋಕೂ ಸಮಯ ಸಿಗಲ್ಲ. ಕೆಳಗಿನ ನದಿಯಲ್ಲಿ ಮೇಲಿನ ಮಳೆ ನಿಂತು, ಆಕಾಶ ತಿಳಿಯಾಗಿ, ನೀವು ನಿಶ್ಚಿಂತೆಯಾಗಿ ಕೂತಿರುವಾಗ ನೆರೆ ಬರುತ್ತದೆ.

ಬರದಿಂದ ನೆರೆಗೆ ಹನ್ನೊಂದು ತಿಂಗಳು

ಜೇಜುರಿ ಮಳೆನೆರಳಿನ ಊರು, ಅಲ್ಲಿ ಎಂಥ ನೆರೆ ಬರುತ್ತೆ ಅಂತ ನಗುವವರಿದ್ದಾರೆ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದೇ ಜಿಲ್ಲೆಯ ಪೂರ್ವಕ್ಕೆ, ಜೇಜುರಿ–ಬಾರಾಮತಿ ಕಡೆ, ಐನೂರರ ಆಸುಪಾಸು. 2018ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಬರಪೀಡಿತ ಅಂತ ಘೋಷಿಸಿದ ತಾಲೂಕುಗಳಲ್ಲಿ ಪುರಂದರವೂ ಒಂದು.

ಆದರೆ ಮುಂದಿನ ವರ್ಷ, 2019ರ ಸೆಪ್ಟೆಂಬರ್ 25ರ ರಾತ್ರಿ ಏನಾಯ್ತು ನೋಡಿ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಉತ್ತರೆ ಮಳೆಯ ಕೊನೆ. ಪುಣೆಯ ದಕ್ಷಿಣದ ಬೆಟ್ಟಗಳ ಮೇಲೆ ಕೆಲವೇ ಗಂಟೆಗಳಲ್ಲಿ ಗುಡುಗು ಮಳೆ ಸುರಿಯಿತು. ಕಾತ್ರಜ್ ಕಡೆಯಿಂದ ನಗರದೊಳಕ್ಕೆ ಇಳಿಯುವ ಅಂಬಿಲ್ ಓಢಾ ಎಂಬ ಹಳ್ಳ ಮನೆಗಳಿಗೆ ನುಗ್ಗಿತು. ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಪುರಂದರ ತಾಲೂಕಿನಲ್ಲಿ, ಕರ್ಹಾ ಉಕ್ಕಿತು. ನಾಝರೆ ಅಣೆಕಟ್ಟೆಯಿಂದ ಭಾರೀ ಪ್ರಮಾಣದ ನೀರನ್ನು ಕೆಳಕ್ಕೆ ಬಿಡಬೇಕಾಯಿತು. ಬಾರಾಮತಿಯಲ್ಲಿ ನದಿದಂಡೆಯ ಸಾವಿರಾರು ಜನರನ್ನು ಸ್ಥಳಾಂತರಿಸಿದರು. ಬರ ಅಂತ ಘೋಷಣೆಯಾಗಿ ಹನ್ನೊಂದು ತಿಂಗಳೂ ಕಳೆದಿರಲಿಲ್ಲ.

ಮಳೆನೆರಳಿನ ಮಳೆಯ ಸ್ವಭಾವವೇ ಅದು. ಘಟ್ಟದ ಮೇಲೆ ಜೂನ್‌ನಿಂದ ಆಗಸ್ಟ್ ತನಕ ಮಳೆ ದಿನವೂ ಇರುತ್ತದೆ. ಹಾಗಾಗಿ ಜನ ಅದಕ್ಕೆ ತಯಾರಾಗಿರುತ್ತಾರೆ. ಇಲ್ಲಿ ಅದು ಮೇ ತಿಂಗಳ ಗುಡುಗಿನ ಜೊತೆ, ಇಲ್ಲಾ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಾನ್ಸೂನ್ ಹಿಂದಕ್ಕೆ ಹೋಗುವಾಗ ಕೆಲವೇ ಸಂಜೆಗಳಲ್ಲಿ ಬಂದು ಮುಗಿಯುತ್ತದೆ. ವರ್ಷದ ಮಳೆ ಕಡಿಮೆ ಅಂದ ಮಾತ್ರಕ್ಕೆ ಒಂದು ಸಂಜೆಯ ಮಳೆ ಕಡಿಮೆ ಅಂತ ಆಗಲ್ಲ.

ಘಟ್ಟದ ಕಡೆಯೂ ಲೆಕ್ಕ ಬೇರೆಯಲ್ಲ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆಯ ಹಿಂದಿನ ಜಲಪಾತದ ಹರಿವಿನ ನಡುವೆ ನಿಂತಿದ್ದ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ಮಕ್ಕಳೂ ಇದ್ದರು. ಒಬ್ಬರನ್ನೊಬ್ಬರು ಹಿಡಿದು ನಿಂತಿರುವ ಆ ವಿಡಿಯೊ ನಿಮ್ಮಲ್ಲಿ ಹಲವರು ನೋಡಿರ್ತೀರಿ.

ಇನ್ನು ಟ್ರೌಟಿಗಾಗಿ ಹಿಮಾಚಲಕ್ಕೆ ಹೋಗುವವರಿಗೆ. ತೀರ್ಥನ್ ಹೊಳೆ ಬಿಯಾಸ್ ನದಿಗೆ ಸೇರುವ ಜಾಗ ಲಾರ್ಜಿ. ಅಲ್ಲೊಂದು ಜಲವಿದ್ಯುತ್ ಅಣೆಕಟ್ಟೆ ಇದೆ. 2014ರ ಜೂನ್ 8ರಂದು ಅದರ ಕೆಳಗೆ, ಥಲೌಟ್ ಹತ್ತಿರ, ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಸಿಕ್ಕಿ ಸತ್ತರು. ಅವರನ್ನು ಕೊಂದ ನೀರು ಮೋಡದಿಂದ ಬಂದದ್ದಲ್ಲ, ಗೇಟಿನಿಂದ ಬಂದದ್ದು. ಹಿಮ ಕರಗುವ ಹೊಳೆಗಳಲ್ಲಿ ಇನ್ನೊಂದು ದಿನನಿತ್ಯದ ಏರಿಳಿತವೂ ಇದೆ. ಹಗಲಿನ ಬಿಸಿಲಿಗೆ ಮೇಲೆ ಹಿಮ ಕರಗಿ, ಮಧ್ಯಾಹ್ನದ ಮೇಲೆ, ಸಂಜೆ ಹೊತ್ತಿಗೆ ನೀರು ಏರುತ್ತದೆ. ಬೆಳಗ್ಗೆ ದಾಟಿಹೋದ ಹೊಳೆಯನ್ನು ಸಂಜೆ ದಾಟಿ ಬರೋಕಾಗಲ್ಲ. ಅಲ್ಲಿ ಬಿಸಿಲೇ ನೆರೆ ತರುತ್ತದೆ.

ಮೊಬೈಲಿನ ಮುನ್ಸೂಚನೆಯನ್ನು ಓದುವ ಬಗೆ

ಆ್ಯಪ್‌ನಲ್ಲಿ ಜೇಜುರಿ ಅಂತ ಹಾಕಿದರೆ ‘ಮಳೆ ಸಾಧ್ಯತೆ 10 ಪರ್ಸೆಂಟ್’ ಅಂತ ಬರುತ್ತದೆ. ಅದು ಒಂದು ಬಿಂದುವಿನ ಲೆಕ್ಕ. ಗುಡುಗು ಮೋಡ ಚಿಕ್ಕದು, ಹತ್ತು ಕಿಲೋಮೀಟರ್ ಆಚೆ ಸುರಿದು ಈಚೆ ಒಣಗಿಸಿ ಹೋಗುತ್ತದೆ. ಆದರೆ ನಿಮ್ಮ ಹಳ್ಳಕ್ಕೆ ನೀರು ಬರೋದು ಒಂದು ಬಿಂದುವಿನಿಂದ ಅಲ್ಲ. ಮೇಲಿನ ಜಲಾನಯನವನ್ನು ಹತ್ತು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ 10 ಪರ್ಸೆಂಟ್ ಸಾಧ್ಯತೆ ಅಂತ ಇಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡರೆ, ಎಲ್ಲೂ ಮಳೆ ಬೀಳದಿರುವ ಸಾಧ್ಯತೆ 0.9ರ ಹತ್ತನೇ ಘಾತ, ಸುಮಾರು 0.35. ಅಂದ್ರೆ ಎಲ್ಲೋ ಒಂದು ಕಡೆ ಸುರಿಯುವ ಸಾಧ್ಯತೆ 65 ಪರ್ಸೆಂಟ್. ನಿಜವಾದ ಮೋಡಗಳು ಇಷ್ಟು ಸ್ವತಂತ್ರ ಅಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ 10ಕ್ಕಿಂತ ಜಾಸ್ತಿ ಇರೋದು ಖಂಡಿತ. ಆ್ಯಪ್‌ನಲ್ಲಿ ಜೇಜುರಿಯ ಜೊತೆಗೆ ಸಾಸವಡ, ಪುರಂದರ ಕೋಟೆ, ನಾರಾಯಣಪುರ ಕೂಡ ಹಾಕಿ ನೋಡಿ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಸಾಮಾನ್ಯವಾಗಿ ಜಿಲ್ಲೆಯ ಮಟ್ಟದವು. ಪುಣೆಯಂಥ ಜಿಲ್ಲೆಯಲ್ಲಿ ನಾಲ್ಕು ಸಾವಿರ ಮಿಲಿಮೀಟರಿನ ಊರೂ ಇದೆ, ಐನೂರರದ್ದೂ ಇದೆ. ಅದಕ್ಕೇ ಘಟ್ಟ ಪ್ರದೇಶಕ್ಕೆ ಬೇರೆಯಾಗಿ ಹೇಳ್ತಾರೆ. ಹೊರಡುವ ದಿನ ಇಲಾಖೆಯ ಮೂರು ಗಂಟೆಯ ತಕ್ಷಣದ ಮುನ್ಸೂಚನೆ ನೋಡಿ, ಹಿಂದಿನ ರಾತ್ರಿಯದ್ದು ಸಾಲದು. ಮಿಂಚಿಗೆ ದಾಮಿನಿ ಆ್ಯಪ್ ಇದೆ. ಮಾಡಿದ್ದು ನಮ್ಮ ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯೇ. ಈ ಊರಿನಲ್ಲಿದ್ದುಕೊಂಡು ಅದನ್ನ ಹಾಕಿಕೊಳ್ಳದಿದ್ದರೆ ಹೇಗೆ?

ಮಿಂಚಿನ ಮಾತು ಬಂತಲ್ಲ, ಒಂದು ವಿಷಯ. ಈಗಿನ ರಾಡುಗಳು ಬಹುತೇಕ ಗ್ರಾಫೈಟ್, ಅಂದ್ರೆ ಕಾರ್ಬನ್. ಅದು ವಿದ್ಯುತ್ ವಾಹಕ. ಬಯಲಿನಲ್ಲಿ, ನೀರಿನ ಪಕ್ಕ, ಎಂಟು ಅಡಿಯ ವಾಹಕವನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿರುತ್ತೀರಿ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿದರೆ ರಾಡು ಕೆಳಗಿಟ್ಟು ಪಕ್ಕಾ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗಿ. ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ.

ಮೀನು ಯಾವಾಗ ಕಚ್ಚುತ್ತದೆ

ಇಷ್ಟೆಲ್ಲ ಹೆದರಿಸಿದ ಮೇಲೆ ಗಾಳದ ಮಾತೂ ಆಡೋಣ. ಹವಾಮಾನ ಬದಲಾದರೆ ಮೀನಿನ ನಡೆ ಬದಲಾಗೋದು ನಿಜ. ಮೊದಲ ಮಳೆಗೆ ನಮ್ಮ ಮಲೆನಾಡಿನಲ್ಲಿ ಹತ್ತುಮೀನು ಅಂತಾರಲ್ಲ, ಮೊಟ್ಟೆ ಇಡೋಕೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರೋದು. ಹೊಸ ನೀರಿನ ಹರಿವೇ ಅದಕ್ಕೆ ಸೂಚನೆ. ಆ ಹೊತ್ತಿನಲ್ಲಿ ಮೊಟ್ಟೆ ತುಂಬಿದ ಮೀನನ್ನು ಬಿಟ್ಟುಬಿಡೋದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಗಾಳ ಹಾಕುವವರು ಹೆಚ್ಚು ನಂಬೋದು ಗಾಳಿಯ ಒತ್ತಡವನ್ನು. ಬ್ಯಾರೋಮೀಟರ್ ಇಳಿದರೆ ಮೀನು ಕಚ್ಚುತ್ತೆ, ಏರಿದರೆ ಕಚ್ಚಲ್ಲ ಅಂತ. ಅದಕ್ಕೇ ಒತ್ತಡ ತೋರಿಸುವ ವಾಚ್ ಕೊಳ್ಳುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೊಪಾಸ್ಕಲ್ ಅಂದ್ರೆ ಒಂದು ಸೆಂಟಿಮೀಟರ್ ನೀರಿನ ಒತ್ತಡ. ದೊಡ್ಡ ಬಿರುಗಾಳಿಗೇ ಒತ್ತಡ ಹತ್ತು ಹೆಕ್ಟೊಪಾಸ್ಕಲ್ ಇಳಿಯಿತು ಅಂದುಕೊಳ್ಳಿ. ಮೀನು ಹತ್ತು ಸೆಂಟಿಮೀಟರ್ ಮೇಲೆ ಈಜಿದರೂ ಅಷ್ಟೇ ವ್ಯತ್ಯಾಸ. ದಿನಕ್ಕೆ ನೂರು ಸಲ ಮೇಲೆ ಕೆಳಗೆ ಈಜೋ ಪ್ರಾಣಿಗೆ ಇದೊಂದು ದೊಡ್ಡ ಸುದ್ದಿ ಅಂತ ನಂಬೋದು ಕಷ್ಟ. ಮೋಡ ಕವಿದು ಬೆಳಕು ಕಡಿಮೆಯಾಗೋದು, ಮಳೆಗೆ ನೀರು ತಣ್ಣಗಾಗಿ ಆಮ್ಲಜನಕ ಹೆಚ್ಚೋದು, ಹುಳುಹುಪ್ಪಟೆ ಕೊಚ್ಚಿ ಬರೋದು, ಇವು ಮೀನಿನ ಮಟ್ಟಿಗೆ ದೊಡ್ಡ ಬದಲಾವಣೆಗಳು. ಒತ್ತಡ ಇಳಿಯುವ ಹೊತ್ತಿಗೇ ಇವೂ ಆಗುವುದರಿಂದ ಹೆಸರು ಒತ್ತಡಕ್ಕೆ ಹೋಗಿರಬೇಕು.

ನೀರು ಏರುವಾಗ ಕೆಸರು ತುಂಬಿ ಮೀನಿಗೆ ಕಣ್ಣು ಕಾಣಲ್ಲ. ಅದು ದಂಡೆಯ ಮರೆ ಹುಡುಕಿ ಕೂರುತ್ತದೆ. ಇಳಿದು ತಿಳಿಯಾಗುತ್ತ ಬರುವಾಗ ಹಸಿದ ಮೀನು ಹೊರಗೆ ಬರುತ್ತದೆ. ಗಾಳಕ್ಕೆ ಒಳ್ಳೆಯ ಹೊತ್ತು ಅದೇ, ಟ್ರೌಟಿಗೂ ಹೌದು, ಚಿಲಾಪಿಗೂ ಹೌದು. ಅಂದ್ರೆ ಅಪಾಯದ ಹೊತ್ತು ಮತ್ತು ಮೀನು ಸಿಗದ ಹೊತ್ತು ಎರಡೂ ಒಂದೇ. ಏರುತ್ತಿರುವ ನೀರಿನಲ್ಲಿ ನಿಲ್ಲೋಕೆ ಮೀನಿನ ಕಡೆಯಿಂದಲೂ ಯಾವ ಕಾರಣವೂ ಇಲ್ಲ.

ದಂಡೆಯ ಮೇಲೆ ಮಾಡಬೇಕಾದ್ದು

ಮೊದಲು ಸ್ಥಳೀಯರನ್ನು ಮಾತಾಡಿಸಿ. ಮಹಾರಾಷ್ಟ್ರದಲ್ಲಿ ಅಣೆಕಟ್ಟೆಯ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡುವ ಪದ್ಧತಿ ಇದೆ. ಹಿನ್ನೀರಿನಲ್ಲಿ ಗಾಳ ಹಾಕುವ ಮೊದಲು ಕೇಳೋದು ಕಾನೂನೂ ಹೌದು, ಮರ್ಯಾದೆಯೂ ಹೌದು. ಹಿಮಾಚಲದ ಟ್ರೌಟ್ ಹೊಳೆಗಳಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ನವೆಂಬರಿನಿಂದ ಫೆಬ್ರವರಿ ಕೊನೆಯ ತನಕ ನಿಷೇಧ.

ಕೇಳಿದರೆ ಇನ್ನೊಂದು ಲಾಭ ಇದೆ. ನಾಝರೆ ಕಡೆ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರನ್ನು ನಾನು ನನ್ನ ಹರಕು ಮರಾಠಿಯಲ್ಲಿ, ‘ಕಾಕಾ, ಮಳೆ ಬಂದರೆ ನೀವು ಯಾವಾಗ ಏಳ್ತೀರಿ?’ ಅಂತ ಕೇಳಿದ್ದೆ. ಅವರು ತಲೆ ಎತ್ತದೆ, ‘ಪಾಣಿ ಗಢೂಳ್ ಝಾಲಂ ಕೀ ಉಠಾಯಚಂ, ದಾದಾ’ ಅಂದರು. ನೀರು ಬಗ್ಗಡವಾಯ್ತು ಅಂದ್ರೆ ಎದ್ದುಬಿಡೋದು. ಮಳೆಯ ಮಾತೇ ಇಲ್ಲ. ಅವರು ಆಕಾಶಕ್ಕಿಂತ ನೀರನ್ನು ನಂಬುತ್ತಾರೆ. ಯಾಕೆಂದರೆ ಮೇಲಿನ ಸುದ್ದಿಯನ್ನು ಮೊದಲು ತರೋದು ನೀರೇ.

ಆ ಸುದ್ದಿಯನ್ನು ಹೀಗೆ ಓದಬಹುದು:

ಬಂದ ತಕ್ಷಣ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಹತ್ತು ನಿಮಿಷಕ್ಕೊಮ್ಮೆ ನೋಡಿ. ಅಲ್ಲಿ ಮಳೆಯಿಲ್ಲದಿದ್ದರೂ ಎರಡು ಬೆರಳಷ್ಟು ಏರಿದ್ದರೆ ಏಳಿ.

ಬಣ್ಣ ತಿರುಗಿದರೆ, ಎಲೆ, ಕಡ್ಡಿ, ನೊರೆ ತೇಲಿ ಬರೋಕೆ ಶುರುವಾದರೆ, ಹರಿವಿನ ಸದ್ದು ದಪ್ಪವಾದರೆ ಏಳಿ. ಗಾಳ ಸುತ್ತೋಕೆ ನಿಲ್ಲಬೇಡಿ, ದಾರ ಕತ್ತರಿಸಿ.

ಬೈಕು ಯಾವ ದಂಡೆಯಲ್ಲಿದೆಯೋ ಅದೇ ದಂಡೆಯಲ್ಲಿ ಕೂತು ಗಾಳ ಹಾಕಿ. ನಡುಗಡ್ಡೆಗೆ, ನಡುವಿನ ಬಂಡೆಗೆ ಹೋಗಬೇಡಿ. ಮರಳದಿಣ್ಣೆಯ ಮೇಲೆ ಟೆಂಟ್ ಹಾಕಬೇಡಿ. ಅಣೆಕಟ್ಟೆಯ ಕೆಳಗೆ ಸೈರನ್ ಕೇಳಿದರೆ ಯಾಕೆ ಅಂತ ವಿಚಾರಿಸೋದು ದಂಡೆ ಹತ್ತಿದ ಮೇಲೆ.

ಮುಳುಗಿದ ಸೇತುವೆ ದಾಟಬೇಡಿ. ನೀರಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಅದರ ಬಲ ನಾಲ್ಕು ಪಟ್ಟು. ಅಮೆರಿಕದ ಹವಾಮಾನ ಇಲಾಖೆ ಹೇಳುವ ಪ್ರಕಾರ ರಭಸದ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರನ್ನೂ ಬೀಳಿಸಬಹುದು, 30 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕಾರುಗಳನ್ನು, 60 ಇದ್ದರೆ ದೊಡ್ಡ ಗಾಡಿಗಳನ್ನೂ ಒಯ್ಯಬಹುದು.

ಕೊನೆಯದು, ನಮ್ಮಂಥ ಒಂಟಿಯಾಗಿ ಪೀಜಿಯಲ್ಲೋ ಫ್ಲಾಟಿನಲ್ಲೋ ಇರುವವರಿಗೆ ಬಹಳ ಮುಖ್ಯವಾದದ್ದು. ಊರಿನಲ್ಲಿ ಸಂಜೆ ಮನೆಗೆ ಬರದಿದ್ದರೆ ಅಮ್ಮ ಹುಡುಕಿಸ್ತಾಳೆ. ಇಲ್ಲಿ ಶನಿವಾರ ಹೋದವನನ್ನು ಸೋಮವಾರ ಬೆಳಗಿನ ಸ್ಟ್ಯಾಂಡಪ್ ತನಕ ಯಾರೂ ಕೇಳಲ್ಲ. ಆದ್ದರಿಂದ ಒಬ್ಬರಿಗೆ ಜಾಗದ ಹೆಸರು, ಯಾವ ದಂಡೆ, ವಾಪಸ್ ಬರುವ ಸಮಯ ಹೇಳಿ ಹೋಗಿ. ‘ಏಳು ಗಂಟೆಯೊಳಗೆ ನನ್ನ ಮೆಸೇಜ್ ಬರಲಿಲ್ಲ ಅಂದ್ರೆ ಫೋನ್ ಮಾಡು, ಸಿಗದಿದ್ದರೆ 112ಕ್ಕೆ ಮಾಡು’ ಅಂತ. ಸರ್ವರ್‌ಗಳಿಗೆಲ್ಲ ಹಾರ್ಟ್‌ಬೀಟ್, ಟೈಮ್‌ಔಟ್ ಇಡೋ ನಾವು ನಮಗೆ ಇಟ್ಟುಕೊಳ್ಳೋದಿಲ್ಲ. ಬೆಟ್ಟದ ಸಂದಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದು ಸಮಯ ಹೇಳಿ.

ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ನೀರು ಎಲ್ಲಿಂದ ಬರುತ್ತದೆ? ಅಲ್ಲಿ ಈಗ ಆಕಾಶ ಹೇಗಿದೆ, ಗೇಟು ಯಾರ ಕೈಯಲ್ಲಿದೆ? ಅದು ನನ್ನ ಹತ್ತಿರ ಬರೋಕೆ ಎಷ್ಟು ಹೊತ್ತು? ಮೂರಕ್ಕೂ ಉತ್ತರ ಗೊತ್ತಿದ್ದರೆ ಆರಾಮಾಗಿ ಹೋಗಿ ಬನ್ನಿ. ಒಂದಕ್ಕೆ ಗೊತ್ತಿಲ್ಲದಿದ್ದರೂ ಆ ದಿನ ಗಡ ಹತ್ತಿ, ಭಂಡಾರ ಹಚ್ಚಿಕೊಂಡು, ಕೆಳಗೆ ಬಂದು ಮಿಸಳ್ ತಿಂದು ವಾಪಸ್ ಬನ್ನಿ. ಗಾಳ ಮುಂದಿನ ವಾರಕ್ಕೂ ಇರುತ್ತದೆ.